ಮೂಡಲಿಗೆ ಕಡಲಿರುವ ಊರು

ದಿಕ್ಕುಗಳನ್ನು ನಾನು ಯಾರಿಂದಲೂ ಕಲಿತವನಲ್ಲ. ಭಟ್ಕಳ ಪಟ್ಟಣಕ್ಕೆ ಹೊಂದಿಕೊಂಡಿರುವ ನಮ್ಮ ಮುಟ್ಟಳ್ಳಿಯಲ್ಲಿ ಹುಟ್ಟಿದ ಮಗುವಿಗೆ ಒಂದು ಪಾರ್ಶ್ವದಲ್ಲಿ ಘಟ್ಟವೂ ಇನ್ನೊಂದು ಪಾರ್ಶ್ವದಲ್ಲಿ ಕಡಲೂ ಇರುವುದರಿಂದ, ಘಟ್ಟವಿರುವುದು ಮೂಡಲು, ಕಡಲಿರುವುದು ಪಡುವಲು ಎಂಬುದು ಮಾತು ಬರುವುದಕ್ಕೆ ಮೊದಲೇ ತಿಳಿದುಹೋಗುತ್ತದೆ. ಇವೆರಡು ಗೊತ್ತಾದ ಮೇಲೆ ಬಡಗು ತೆಂಕುಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಹೊನ್ನಾವರದ ಹಾದಿ ಬಡಗು, ಶಿರೂರಿನ ಹಾದಿ ತೆಂಕು. ಮಳೆಯು ಕಡಲಿನಿಂದ ಎದ್ದು ಘಟ್ಟದ ಕಡೆಗೆ ಓಡುವುದು, ಹೊಳೆಯು ಘಟ್ಟದಿಂದ ಇಳಿದು ಕಡಲಿನ ಕಡೆಗೆ ಓಡುವುದು. ಲೋಕದ ವ್ಯವಹಾರವೆಲ್ಲ ಇವೆರಡರ ನಡುವಿನ ಹೋಗಿಬರುವಿಕೆಯೆಂದೇ ನಾವು ಎಣಿಸಿದ್ದೆವು. ಪ್ರಾಥಮಿಕ ಶಾಲೆಯಲ್ಲಿ ಗುರುಗಳು ಗೋಡೆಗೆ ನಕಾಶೆಯನ್ನು ತೂಗಹಾಕಿ, “ಮೇಲ್ಗಡೆಯು ಬಡಗು” ಎಂದಾಗ ನಾನು ಎದ್ದು ನಿಂತು, ಅದು ತಪ್ಪೆಂದು ಹೇಳಿ ನಗೆಗೀಡಾದೆನು. ‘ಮೇಲೆ’ ಎಂದರೆ ನಮ್ಮಲ್ಲಿ ಘಟ್ಟದ ಮೇಲೆ, ಸಾಗರ ಸಿರ್ಸಿಗಳ ಕಡೆ, ಅಂದರೆ ಮೂಡಲು. ಕಾಗದದ ಮೇಲ್ಗಡೆಗೂ ಭೂಮಿಯ ಮೇಲ್ಗಡೆಗೂ ಸಂಬಂಧವಿಲ್ಲವೆಂಬ ಮಾತು ನನಗೆ ಹಿಡಿಸುವುದಕ್ಕೆ ಬಹುಕಾಲ ಬೇಕಾಯಿತು.

ಇಂತಹ ಭೂಗೋಳಜ್ಞಾನವನ್ನು ಕಟ್ಟಿಕೊಂಡು ನಾನು 1994ರಲ್ಲಿ, ಇಪ್ಪತ್ತಮೂರನೆಯ ವಯಸ್ಸಿನಲ್ಲಿ, ದುಬೈಗೆ ಹೋದೆನು. ನಮ್ಮ ಕಡೆಯಿಂದ ಆ ನಾಡಿಗೆ ಹೋಗುವುದು ಆಗಲೇ ಹೊಸದಾಗಿರಲಿಲ್ಲ. ನನ್ನನ್ನು ಕರೆಸಿಕೊಂಡವರು ಭಟ್ಕಳದವರೇ ಆದ ಒಬ್ಬ ಸಾಹೇಬರು. ದಿನಸಿ ಸಾಮಾನುಗಳ ಸಗಟು ವ್ಯಾಪಾರ ಅವರದು. ಹೊರಡುವ ಹಿಂದಿನ ಸಂಜೆ ತಾಯಿಯವರು ನನ್ನನ್ನು ಬಂದರಿನ ಕಡೆಯ ದಂಡೆಗೆ ಕರೆದುಕೊಂಡು ಹೋಗಿ, ಮುಳುಗುತ್ತಿದ್ದ ಸೂರ್ಯನ ಕಡೆಗೆ ಕೈ ತೋರಿಸಿ, “ನೀನು ಹೋಗುವ ಊರು ಅಲ್ಲಿಯೇ ನೇರಕ್ಕೆ ಅಲ್ಲವೇ ಮಗಾ?” ಎಂದು ಕೇಳಿದರು. ನಾನು ಹೌದೆಂದೆನು. ಆ ಉತ್ತರವು ತಪ್ಪೆಂದು ನನಗೂ ಗೊತ್ತಿರಲಿಲ್ಲ.

ಹೋಗಿ ಇಳಿದ ಮೊದಲನೆಯ ವಾರದಲ್ಲಿ ನನಗಾದ ಕಷ್ಟವು ಉಷ್ಣದಿಂದಲ್ಲ, ಊಟದಿಂದಲ್ಲ; ದಿಕ್ಕು ತಪ್ಪಿದುದರಿಂದ. ನಮ್ಮ ವಾಸ ದೇರಾ ಭಾಗದಲ್ಲಿ. ದುಬೈಯ ಕಡಲು ಇರುವುದು ಪಡುವಲಿಗಲ್ಲ, ವಾಯವ್ಯಕ್ಕೆ. ಅದರಿಂದ ಒಂದು ಕವಲು ಊರೊಳಗೆ ನುಗ್ಗಿ ಹಾವಿನಂತೆ ತಿರುಗಿದೆ. ಅದಕ್ಕೆ ಅವರು ಖೋರ್ ಎನ್ನುತ್ತಾರೆ. ಹಾಗಾಗಿ ದೇರಾದಲ್ಲಿ ನಿಂತವನಿಗೆ ಯಾವ ಬೀದಿಯ ಕೊನೆಯಲ್ಲಿಯೂ ನೀರು ಕಾಣಿಸಬಹುದು, ಯಾವ ನೀರೂ ದಿಕ್ಕನ್ನು ಹೇಳುವುದಿಲ್ಲ. ಘಟ್ಟವೋ, ಕಣ್ಣಿಗೆ ಬೀಳುವಷ್ಟು ದೂರದಲ್ಲಿ ಇಲ್ಲವೇ ಇಲ್ಲ. ಆಗ ಆ ಪಟ್ಟಣದಲ್ಲಿ ಎಲ್ಲಕ್ಕಿಂತ ಎತ್ತರವಾಗಿದ್ದುದು 1979ರಲ್ಲಿ ಮುಗಿದ 39 ಅಂತಸ್ತುಗಳ ವಾಣಿಜ್ಯ ಕಟ್ಟಡ. ಅದನ್ನೇ ಘಟ್ಟವೆಂದು ಭಾವಿಸಿಕೊಂಡು ನಡೆಯೋಣವೆಂದರೆ ಅದು ಖೋರಿನ ಆಚೆಯ ದಡದಲ್ಲಿದ್ದಿತು. ಬೀದಿಗಳಿಗೆ ಹೆಸರಿದ್ದರೂ ಯಾರೂ ಅದನ್ನು ಹೇಳುತ್ತಿರಲಿಲ್ಲ. ಕಾಗದಗಳೆಲ್ಲ ಅಂಚೆಪೆಟ್ಟಿಗೆಯ ಸಂಖ್ಯೆಗೆ ಬರುತ್ತಿದ್ದವು. ಮನೆಯನ್ನು ಹೇಳಬೇಕಾದರೆ ಮೀನಿನ ವೃತ್ತದ ಹತ್ತಿರ, ಗಡಿಯಾರದ ಗೋಪುರದ ಹಿಂದೆ, ಇಂಥ ಹೋಟೆಲಿನ ಎದುರು, ಹೀಗೆ. ಇದು ಮಾತ್ರ ನನಗೆ ಸಮಾಧಾನದ ಸಂಗತಿಯಾಗಿದ್ದಿತು. ಅಶ್ವತ್ಥಕಟ್ಟೆಯಿಂದ ಎಡಕ್ಕೆ ಎಂಬ ನಮ್ಮೂರಿನ ರೀತಿಯೂ ಅದೇ ತಾನೆ.

ನನ್ನ ದಿಕ್ಕನ್ನು ನನಗೆ ಮರಳಿ ಕೊಟ್ಟವರು ಅಂಗಡಿಯ ಹಿರಿಯ ಚಾಲಕರಾದ ಒಬ್ಬ ಮಲಬಾರಿನ ಮುದುಕರು. ನಾವೆಲ್ಲರೂ ಅವರನ್ನು ಕಾಕಾ ಎನ್ನುತ್ತಿದ್ದೆವು. ಅವರ ಪಕ್ಕದಲ್ಲಿ ಕುಳಿತು ದಾರಿ ಕಲಿಯಬೇಕೆಂದು ಸಾಹೇಬರ ಅಪ್ಪಣೆಯಾಗಿದ್ದಿತು. ಮೊದಲನೆಯ ದಿನವೇ ಅವರು ಒಂದು ಮಸೀದಿಯ ಮುಂದೆ ವಾಹನವನ್ನು ನಿಲ್ಲಿಸಿ, “ಮಗನೇ, ಈ ಗೋಡೆಯು ಹೊರಗೆ ಉಬ್ಬಿಕೊಂಡಿರುವುದು ಕಾಣುತ್ತದೆಯೇ? ಒಳಗೆ ಅದು ಮಿಹ್ರಾಬ್. ಮಕ್ಕಾದ ಕಡೆಗೆ ತಿರುಗಿರುತ್ತದೆ. ಈ ಊರಿಗೆ ಮಕ್ಕಾ ಪಡುವಲು. ಕೊಂಚ ತೆಂಕಕ್ಕೆ ವಾಲಿದೆ, ಅಷ್ಟೇ. ನಿನಗೆ ನಮಾಜು ಬೇಡ, ದಿಕ್ಕಾದರೂ ಬೇಕಷ್ಟೆ?” ಎಂದರು. ಅಂದಿನಿಂದ ನಾನು ದಾರಿ ತಪ್ಪಿದುದು ಕಡಿಮೆ. ಆ ನಾಡಿನಲ್ಲಿ ಮಸೀದಿಯಿಲ್ಲದ ಬಡಾವಣೆಯಿಲ್ಲ. ಆದುದರಿಂದ ದಿಕ್ಸೂಚಿಯಿಲ್ಲದ ಬಡಾವಣೆಯೂ ಇಲ್ಲ. ಭಟ್ಕಳದ ಮಸೀದಿಗಳು ಪಡುವಲಿನಿಂದ ಕೊಂಚ ಬಡಗಕ್ಕೆ ವಾಲಿರಬೇಕೆಂಬುದನ್ನು ನಕಾಶೆಯಲ್ಲಿ ಗೆರೆಯೆಳೆದು ಕಂಡುಕೊಂಡು ನಾನು ಹಿಗ್ಗಿದೆನು. ಅದೇ ಗೆರೆಯೆಳೆಯುವಾಗ ಇನ್ನೊಂದನ್ನೂ ಕಂಡೆನು. ಭಟ್ಕಳದಿಂದ ನೇರವಾಗಿ ಪಡುವಲಿಗೆ ಹೋದರೆ ಸಿಗುವುದು ದುಬೈಯಲ್ಲ, ಯೆಮನ್ ದೇಶದ ಕರಾವಳಿ, ಮುಕಲ್ಲಾ ಪಟ್ಟಣದ ಆಸುಪಾಸು. ತಾಯಿಯವರಿಗೆ ನಾನು ಸುಳ್ಳು ಹೇಳಿ ಬಂದಿದ್ದೆನು.

ಕಾಕಾ ಅವರ ಪಾಠವು ಏಳು ಸಂಸ್ಥಾನಗಳ ಹೆಸರಿನಿಂದ ಆರಂಭವಾಯಿತು. ಅಬುಧಾಬಿ, ದುಬೈ, ಶಾರ್ಜಾ, ಅಜ್ಮಾನ್, ಉಮ್ ಅಲ್ ಕುವೈನ್, ಫುಜೈರಾ ಎಂಬ ಆರು 1971ರ ಡಿಸೆಂಬರ್ 2ರಂದು ಒಂದುಗೂಡಿದುವು. ಏಳನೆಯದಾದ ರಾಸ್ ಅಲ್ ಖೈಮಾ 1972ರ ಫೆಬ್ರವರಿಯಲ್ಲಿ ಬಂದು ಸೇರಿತು. ಹೆಸರುಗಳನ್ನು ಬಾಯಿಪಾಠ ಮಾಡುವುದಕ್ಕಿಂತ ಅವುಗಳ ಅರ್ಥವನ್ನು ಒಡೆಯುವುದು ಸುಲಭವೆಂದು ಅವರು ತೋರಿಸಿಕೊಟ್ಟರು. ರಾಸ್ ಎಂದರೆ ತಲೆ, ಕಡಲಿಗೆ ಚಾಚಿದ ಭೂಶಿರ. ಜಬಲ್ ಎಂದರೆ ಬೆಟ್ಟ. ಐನ್ ಎಂದರೆ ಒರತೆ. ವಾದಿ ಎಂದರೆ ಬೆಟ್ಟದ ಹಳ್ಳ. ಅಲ್ ಐನ್ ಎಂಬಲ್ಲಿ ಖರ್ಜೂರದ ತೋಟಗಳೇಕೆ ಇವೆಯೆಂದು ಆಮೇಲೆ ಕೇಳಬೇಕಾಗಲಿಲ್ಲ. ಮಾವಿನಕುರ್ವೆಯೆಂದರೆ ನೀರಿನ ನಡುವಿನ ನೆಲವೆಂದು ನಮ್ಮವರಿಗೆ ಹೇಳಬೇಕಾಗುತ್ತದೆಯೇ? ಸಬ್ಖಾ ಎಂದು ಕರೆಯುವ ಉಪ್ಪುನೆಲವನ್ನು ತೋರಿಸಿದಾಗ ನನಗೆ ಕುಮಟೆಯ ಕಡೆಯ ಗಜನಿಗಳು ನೆನಪಿಗೆ ಬಂದುವು. ವ್ಯತ್ಯಾಸವೇನೆಂದರೆ ಗಜನಿಯಲ್ಲಿ ಕಗ್ಗ ಭತ್ತವಾದರೂ ಬೆಳೆಯುತ್ತದೆ, ಸಬ್ಖಾದಲ್ಲಿ ಹುಲ್ಲುಕಡ್ಡಿಯೂ ಕಷ್ಟ.

ಆದರೆ ಗಡಿಗಳ ವಿಷಯಕ್ಕೆ ಬಂದಾಗ ನನ್ನ ಬುದ್ಧಿ ಮುಗ್ಗರಿಸಿತು. ಸಂಸ್ಥಾನವೆಂದರೆ ಒಂದು ಕಡೆ ಒತ್ತಟ್ಟಿಗೆ ಇರುವ ನೆಲವೆಂದು ನಾನು ತಿಳಿದಿದ್ದೆನು. ಶಾರ್ಜಾ ಪಟ್ಟಣವಿರುವುದು ಪಡುವಣ ದಂಡೆಯಲ್ಲಿ. ಅದೇ ಶಾರ್ಜಾದ ಖೋರ್ ಫಕ್ಕಾನ್ ಮತ್ತು ಕಲ್ಬಾ ಬೆಟ್ಟಗಳಾಚೆ ಮೂಡಣ ದಂಡೆಯಲ್ಲಿ. ದಿಬ್ಬಾ ಎಂಬ ಒಂದೇ ಊರು ಮೂರು ಪಾಲಾಗಿದೆ: ಒಂದು ಫುಜೈರಾದ್ದು, ಒಂದು ಶಾರ್ಜಾದ್ದು, ಮೂರನೆಯದು ಒಮಾನ್ ದೇಶದ್ದು. ಇದಕ್ಕೂ ವಿಚಿತ್ರವಾದುದು ಮದ್ಹಾ. ಸುತ್ತಲೂ ಸಂಯುಕ್ತ ಅರಬ್ ಸಂಸ್ಥಾನಗಳ ನೆಲವಿದ್ದು ನಡುವೆ ಮದ್ಹಾ ಮಾತ್ರ ಒಮಾನಿನದು; ಆ ಮದ್ಹಾದ ಹೊಟ್ಟೆಯೊಳಗೆ ನಹ್ವಾ ಎಂಬ ಹಳ್ಳಿಯೊಂದು ಮತ್ತೆ ಶಾರ್ಜಾದ್ದು! ಕೊಬ್ಬರಿಯೊಳಗೆ ಬೆಲ್ಲ, ಬೆಲ್ಲದೊಳಗೆ ಮತ್ತೆ ಕೊಬ್ಬರಿ. ಹೀಗೇಕೆಂದು ಕೇಳಿದುದಕ್ಕೆ ಕಾಕಾ ನಕ್ಕು, “ಗೆರೆ ಎಳೆಯುವವನು ಬಂದಾಗ ಹಳ್ಳಿಯ ಹಿರಿಯರು ಯಾರ ಹೆಸರು ಹೇಳಿದರೋ ಹಳ್ಳಿ ಅವರದಾಯಿತು” ಎಂದರು. ಅದು ನಿಜವೆಂದು ಮುಂದೆ ಓದಿ ತಿಳಿದೆನು. ಜೂಲಿಯನ್ ವಾಕರ್ ಎಂಬ ಬ್ರಿಟಿಷ್ ಅಧಿಕಾರಿಯು 1950ರ ದಶಕದಲ್ಲಿ ಬೆಟ್ಟಬೆಟ್ಟ ಸುತ್ತಿ, ನೀವು ಯಾವ ಶೇಖರಿಗೆ ನಿಷ್ಠರೆಂದು ಹಳ್ಳಿಯವರನ್ನೇ ವಿಚಾರಿಸಿ ಗಡಿಗಳನ್ನು ಗುರುತಿಸಿದನು.

ಇದನ್ನು ಕೇಳಿ ನಗುವ ಹಕ್ಕು ನಮಗಿಲ್ಲ. ನಮ್ಮ ಅಜ್ಜನವರು ಎತ್ತುಗಳನ್ನು ಕೊಳ್ಳುವುದಕ್ಕೆ ಶಿರೂರು ಬೈಂದೂರುಗಳ ಕಡೆಗೆ ಹೋಗುತ್ತಿದ್ದಾಗ ಮುಂಬಯಿ ಪ್ರಾಂತವನ್ನು ಬಿಟ್ಟು ಮದ್ರಾಸ್ ಪ್ರಾಂತಕ್ಕೆ ಕಾಲಿಡುತ್ತಿದ್ದರು. 1862ರಲ್ಲಿ ಉತ್ತರ ಕನ್ನಡವನ್ನು ಮುಂಬಯಿಗೆ ಸೇರಿಸಿದಂದಿನಿಂದ 1956ರ ನವೆಂಬರ್ 1ರವರೆಗೆ ಆ ಗಡಿಯು ಅಲ್ಲಿಯೇ ಇದ್ದಿತು. ಗಡಿಯ ಎರಡೂ ಕಡೆ ಒಂದೇ ಮಾತು, ಒಂದೇ ಗದ್ದೆ, ಒಂದೇ ದೇವರ ಜಾತ್ರೆ. ಅಜ್ಜನವರ ಎತ್ತುಗಳಿಗೆ ಪ್ರಾಂತ ಬದಲಾದುದು ತಿಳಿದಿರಲಾರದು.

ಬೆಟ್ಟಗಳನ್ನು ದಾಟಿದ ದಿನವನ್ನು ನಾನು ಮರೆಯಲಾರೆನು. ದುಬೈಯಿಂದ ಫುಜೈರಾಕ್ಕೆ ಸುಮಾರು 120 ಕಿಲೋಮೀಟರು. ಆಗಿನ ದಾರಿ ಅಲ್ ಧೈದ್ ಮೇಲೆ ಮಸಾಫಿಗೆ ಹೋಗಿ, ಅಲ್ಲಿ ಕವಲೊಡೆದು, ಬಡಗಕ್ಕೆ ದಿಬ್ಬಾಕ್ಕೂ ತೆಂಕಕ್ಕೆ ಫುಜೈರಾಕ್ಕೂ ಇಳಿಯುತ್ತಿದ್ದಿತು. ಹಜರ್ ಎಂಬುದು ಆ ಬೆಟ್ಟಸಾಲಿನ ಹೆಸರು. ಹಜರ್ ಎಂದರೆ ಕಲ್ಲು. ಹೆಸರಿಗೆ ತಕ್ಕಂತೆ ಅದು ಬರಿಯ ಕಲ್ಲು, ಒಂದು ಮರವಿಲ್ಲ. ಅದರ ಬಹುಭಾಗವು ಪೂರ್ವದಲ್ಲಿ ಕಡಲಿನ ತಳವಾಗಿದ್ದು, ಭೂಮಿಯ ಒತ್ತಡದಿಂದ ಮೇಲೆದ್ದ ಶಿಲೆಯಂತೆ. ರಾತ್ರಿ ಹೊರಟು ಬೆಳಗಿನ ಜಾವಕ್ಕೆ ನಾವು ಫುಜೈರಾದ ದಂಡೆಗೆ ಇಳಿದೆವು. ಕಡಲಿನ ಮೇಲೆ ಆಕಾಶವು ಕೆಂಪಾಗಿದ್ದಿತು. ನನಗೆ ಅದು ಸಂಜೆಯೆಂದೇ ತೋರಿತು. ನೋಡುತ್ತಿರುವಂತೆಯೇ ಸೂರ್ಯನು ಇಳಿಯುವ ಬದಲು ನೀರಿನಿಂದ ಏಳತೊಡಗಿದನು. ನನ್ನ ಕಾಲ ಕೆಳಗಿನ ನೆಲವು ಮಗುಚಿದಂತಾಗಿ ನಾನು ವಾಹನದ ಬಾಗಿಲನ್ನು ಹಿಡಿದುಕೊಂಡೆನೆಂದರೆ ವಾಚಕರು ನಗಬಹುದು. ಒಂದು ಪಾರ್ಶ್ವದಲ್ಲಿ ಬೆಟ್ಟ, ಇನ್ನೊಂದರಲ್ಲಿ ಕಡಲು, ನಡುವೆ ತೆಂಗಿನ ಬದಲು ಖರ್ಜೂರದ ತೋಟಗಳ ಕಿರಿಯ ಪಟ್ಟಿ. ಮುಟ್ಟಳ್ಳಿಯನ್ನೇ ಕನ್ನಡಿಯಲ್ಲಿ ಹಿಡಿದಂತಿದ್ದಿತು. ಏಳು ಸಂಸ್ಥಾನಗಳಲ್ಲಿ ಮೂಡಣ ಕಡಲಿಗೆ ಮಾತ್ರ ಮುಖಮಾಡಿರುವುದು ಫುಜೈರಾ ಒಂದೇ. ಅಂದಿನಿಂದ ನನಗೆ ಆ ಊರು ಬೇಕೆನಿಸಿತು.

ಆ ದಂಡೆಗೂ ನಮ್ಮ ದಂಡೆಗೂ ಹಳೆಯ ಪರಿಚಯವೂ ಉಂಟು. ಹದಿನಾರನೆಯ ಶತಮಾನದ ಆರಂಭದಲ್ಲಿ ಬರೆದ ದುಆರ್ತೆ ಬಾರ್ಬೋಸಾ ಎಂಬ ಪೋರ್ತುಗೀಜನು, ಹೊರ್ಮುಜಿನ ಹಡಗುಗಳು ಅಕ್ಕಿ ಸಕ್ಕರೆಗಳಿಗಾಗಿ ಭಟ್ಕಳಕ್ಕೆ ಬರುತ್ತಿದ್ದುದನ್ನೂ ಕುದುರೆಗಳನ್ನು ತಂದಿಳಿಸುತ್ತಿದ್ದುದನ್ನೂ ಹೇಳಿದ್ದಾನೆ. ಆ ಕುದುರೆಗಳು ವಿಜಯನಗರಕ್ಕೆ ಹೋಗುತ್ತಿದ್ದುವು. ಹೊರ್ಮುಜಿನ ಜಲಸಂಧಿಯಿರುವುದು ಇದೇ ಬೆಟ್ಟಸಾಲು ಬಡಗಣ ತುದಿಯಲ್ಲಿ ಕಡಲಿಗೆ ಬೀಳುವಲ್ಲಿ. ಸಾಹೇಬರ ಅಂಗಡಿಯಲ್ಲಿ ಅಕ್ಕಿಯ ಮೂಟೆಗಳನ್ನು ಹೊರುವಾಗಲೆಲ್ಲ, ಈ ಕೆಲಸಕ್ಕೆ ಐನೂರು ವರ್ಷವಾಯಿತೆಂದು ನಾನು ಬೆನ್ನಿಗೆ ಸಮಾಧಾನ ಹೇಳಿಕೊಳ್ಳುತ್ತಿದ್ದೆನು.

ನನ್ನ ಭೂಗೋಳದ ಪಾಠದಲ್ಲಿ ಹೆಚ್ಚು ಬೆಲೆ ತೆತ್ತುದು ಹಳ್ಳದ ಅಧ್ಯಾಯಕ್ಕೆ. ಎರಡನೆಯ ವರ್ಷ ನಾನೊಬ್ಬನೇ ವಾಹನವನ್ನು ನಡೆಸತೊಡಗಿದ್ದೆನು. ಒಂದು ಚಳಿಗಾಲದ ಮಧ್ಯಾಹ್ನ ಮಸಾಫಿಯಿಂದ ದಿಬ್ಬಾದ ಕಡೆಗೆ ಇಳಿಯುವ ದಾರಿಯ ಪಕ್ಕದ ಹಳ್ಳಿಯೊಂದಕ್ಕೆ ಹಿಟ್ಟಿನ ಮೂಟೆಗಳನ್ನೂ ಎಣ್ಣೆಯ ಡಬ್ಬಿಗಳನ್ನೂ ಒಯ್ಯುತ್ತಿದ್ದೆನು. ಹಳ್ಳಿಗೆ ಹೋಗಬೇಕಾದರೆ ಒಣಗಿದ ವಾದಿಯೊಂದರ ತಳವನ್ನು ದಾಟಬೇಕು. ದೂರದ ಶಿಖರಗಳ ಮೇಲೆ ಮೋಡ ಕಟ್ಟಿದ್ದಿತು. ನನ್ನ ತಲೆಯ ಮೇಲೆ ಬಿಸಿಲು. ದಡದಲ್ಲಿ ಚಹದ ಅಂಗಡಿಯಿಟ್ಟಿದ್ದ ಬಲೂಚಿಯು, “ಈಗ ಇಳಿಯಬೇಡ, ಒಂದು ತಾಸು ಕುಳಿತಿರು” ಎಂದನು. ನನಗೆ ನಗು ಬಂದಿತು. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೆ ಮೀರಿ ಮಳೆ ಕಾಣುವ ಊರಿನವನು ನಾನು; ಸರಾಸರಿಯಲ್ಲಿ ನೂರು ಮಿಲಿಮೀಟರೂ ಬೀಳದ ನಾಡಿನವನು ನನಗೆ ಮಳೆಯ ಬುದ್ಧಿ ಹೇಳುತ್ತಾನೆಯೇ? “ನಮ್ಮಲ್ಲಿ ಇಂಥ ಮೋಡಕ್ಕೆ ಕೊಡೆಯನ್ನೂ ಬಿಚ್ಚುವುದಿಲ್ಲ” ಎಂದು ಹೇಳಿ ಇಳಿದೆನು. ನಡುಹಳ್ಳದಲ್ಲಿ ಚಕ್ರವು ಮೊರಬಿನಲ್ಲಿ ಹೂತಿತು. ಇಳಿದು ಕಲ್ಲು ಕೊಡುತ್ತಿರುವಾಗ ಮೇಲಿನಿಂದ ಒಂದು ಶಬ್ದ ಕೇಳಿಸಿತು; ಚಿರೇಕಲ್ಲು ತುಂಬಿದ ಲಾರಿಯು ಕಲ್ಲನ್ನು ಸುರಿದಂತಹ ಶಬ್ದ. ಬಲೂಚಿಯು ದಡದಿಂದ ಕೂಗುತ್ತಿದ್ದನು. ನಾನು ಓಡಿದೆನು. ದಡವನ್ನು ಹತ್ತಿ ತಿರುಗಿ ನೋಡುವಷ್ಟರಲ್ಲಿ ಕಂದುಬಣ್ಣದ ನೀರು ಎದೆಯೆತ್ತರಕ್ಕೆ ಬಂದು ವಾಹನವನ್ನು ಮಗುಚಿ, ಬಂಡೆಗೆ ಅಪ್ಪಳಿಸಿ, ತಿರುವಿನಾಚೆ ಒಯ್ದಿತು. ನನ್ನ ಮೇಲೆ ಆಗಲೂ ಬಿಸಿಲೇ ಇದ್ದಿತು.

ಕಾರಣವನ್ನು ಕಾಕಾ ಹೇಳಿದರು. ನಮ್ಮ ಘಟ್ಟಕ್ಕೆ ಮಣ್ಣಿದೆ, ಕಾಡಿದೆ. ಬಿದ್ದ ಮಳೆಯನ್ನು ಅದು ಕುಡಿದು ನಿಧಾನವಾಗಿ ಬಿಡುತ್ತದೆ. ಆದುದರಿಂದಲೇ ದೀಪಾವಳಿ ಕಳೆದ ಮೇಲೂ ನಮ್ಮ ಹಳ್ಳಗಳು ಹರಿಯುವುವು. ಬರಿಯ ಕಲ್ಲಿನ ಬೆಟ್ಟಕ್ಕೆ ಕುಡಿಯುವ ಶಕ್ತಿಯಿಲ್ಲ. ಬಿದ್ದುದೆಲ್ಲವೂ ಒಂದೇ ಗಳಿಗೆಯಲ್ಲಿ ಇಳಿದುಬಿಡುತ್ತದೆ. ವಾಹನಕ್ಕೆ ವಿಮೆಯಿದ್ದರೂ ಸಾಮಾನಿಗೆ ಇರಲಿಲ್ಲ. ಅದರ ಬೆಲೆಯನ್ನು ನನ್ನ ಸಂಬಳದಿಂದ ತಿಂಗಳು ತಿಂಗಳು ಹಿಡಿಯುವುದಾಗಿ ಗೊತ್ತಾಯಿತು. ಹೇಳಿದ ಮಾತನ್ನು ಕೇಳದವನು ನಾನೇ ಆದುದರಿಂದ ತಕರಾರು ಮಾಡಲಿಲ್ಲ. ತಂಗಿಯ ಮದುವೆ ಒಂದು ವರ್ಷ ಹಿಂದೆ ಬಿದ್ದಿತು. ಏಕೆಂದು ಮನೆಗೆ ಬರೆಯಲಿಲ್ಲ.

1998ರಲ್ಲಿ ರಜೆಯ ಮೇಲೆ ಹೊಸದಾಗಿ ತೆರೆದ ಕೊಂಕಣ ರೈಲಿನಲ್ಲಿ ಊರಿಗೆ ಬಂದಾಗ ತಾಯಿಯವರು ಸಂಜೆ ದೀಪ ಹಚ್ಚಿ ಅಂಗಳದ ತುದಿಯಲ್ಲಿ ಪಡುವಲಿಗೆ ಮುಖಮಾಡಿ ನಿಂತಿದ್ದರು. ನಾಲ್ಕು ವರ್ಷವೂ ಹಾಗೆಯೇ ನಿಲ್ಲುತ್ತಿದ್ದರೆಂದು ತಮ್ಮನು ಹೇಳಿದನು. ನಾನು ಅವರ ಭುಜವನ್ನು ಹಿಡಿದು, “ಅಮ್ಮಾ, ಅದಲ್ಲ, ಬಲಕ್ಕೆ ತಿರುಗಬೇಕು, ಮುರುಡೇಶ್ವರದ ಎಡಗಡೆಗೆ” ಎಂದು ತಿರುಗಿಸಿದೆನು.

“ಮತ್ತೆ ಇಷ್ಟು ದಿವಸ ನಾನು ನೋಡಿದ್ದು ಯಾವ ಊರನ್ನು?”

“ಯೆಮನ್ ಎಂದು ಒಂದು ದೇಶ.”

“ಇರಲಿ ಬಿಡು. ಅಲ್ಲಿಗೂ ಯಾರದಾದರೂ ಮಕ್ಕಳು ಹೋಗಿರಬಹುದು” ಎಂದರು.

2003ರಲ್ಲಿ ಸಾಹೇಬರು ಫುಜೈರಾದಲ್ಲಿ ತೆರೆದ ಅಂಗಡಿಯ ಲೆಕ್ಕಪತ್ರ ನನ್ನ ಪಾಲಿಗೆ ಬಂದುದರಿಂದ ಹೆಂಡತಿಯನ್ನೂ ಮಗಳನ್ನೂ ಕರೆಸಿಕೊಂಡೆನು. ಮಗಳಿಗೆ ಆ ನಾಡಿನ ಭೂಗೋಳ ಕಷ್ಟವಾಗಲಿಲ್ಲ. ಮದ್ಹಾ ನಹ್ವಾಗಳನ್ನು ಅವಳು ಕಣ್ಣು ಮುಚ್ಚಿ ಬರೆಯುತ್ತಿದ್ದಳು. ಕಷ್ಟವಾದುದು ನಮ್ಮದು. ಬೇಸಿಗೆಯ ರಜೆಯಲ್ಲಿ ಊರಿಗೆ ಬಂದವಳು ಮೊದಲನೆಯ ದಿನವೇ, “ಕಡಲು ತಪ್ಪು ಕಡೆ ಇದೆ” ಎಂದಳು. ನಾನು ಅವಳನ್ನು ನೋಡಿ ನಗಲಿಲ್ಲ. ಆ ನಾಡಿನಲ್ಲಿ ನಾವು ನೆಲಸಿದವರೇ ಹೊರತು ಆ ನೆಲದವರಲ್ಲ. ಎರಡು ಮೂರು ವರ್ಷಗಳಿಗೊಮ್ಮೆ ಅಪ್ಪಣೆಚೀಟಿಯನ್ನು ಹೊಸದು ಮಾಡಿಸಿಕೊಂಡು ಇರತಕ್ಕವರು. ಆದರೂ ಕಡಲು ಯಾವ ಕಡೆ ಇರಬೇಕೆಂಬುದನ್ನು ಅವಳಿಗೆ ಆ ನೆಲವೇ ಕಲಿಸಿದ್ದಿತು.

2022ರ ಜುಲೈ 27 ಮತ್ತು 28ರಂದು ಫುಜೈರಾದಲ್ಲಿ ಮಳೆ ಬಿದ್ದಿತು. ಬಂದರಿನ ಮಾಪಕದಲ್ಲಿ 255.2 ಮಿಲಿಮೀಟರು. ವಾದಿಗಳು ಊರೊಳಗೆ ಬಂದುವು. ಏಳು ಜನರು ಮೃತರಾದರು. ಏಳು ಮಂದಿಯೂ ಏಷ್ಯಾದ ಬೇರೆ ದೇಶಗಳಿಂದ ಬಂದವರು. ಅಂಗಡಿಯಲ್ಲಿ ಮೊಣಕಾಲುದ್ದ ಕೆಸರು. ವಾದಿಯು ಎಲ್ಲಿ ತಿರುಗುವುದೆಂದು ತಿಳಿದಿದ್ದುದರಿಂದ ನಾನು ಹುಡುಗರನ್ನು ಮೊದಲೇ ಮಾಳಿಗೆಗೆ ಹತ್ತಿಸಿದ್ದೆನು. ಸುದ್ದಿ ಕೇಳಿ ತಾಯಿಯವರು ದೂರವಾಣಿಯಲ್ಲಿ ಅತ್ತರು. ಐದು ದಿನ ಕಳೆದು, ಆಗಸ್ಟ್ 2ರ ಬೆಳಗ್ಗೆ, ಅಳುವ ಸರದಿ ನನ್ನದಾಯಿತು. ಭಟ್ಕಳದಲ್ಲಿ ರಾತ್ರಿಯೆಲ್ಲ ಸುರಿದ ಮಳೆಗೆ ಮುಟ್ಟಳ್ಳಿಯಲ್ಲಿ ಗುಡ್ಡ ಕುಸಿದು ಮನೆಯೊಂದರ ಮೇಲೆ ಬಿದ್ದು ನಾಲ್ವರು ಸತ್ತರೆಂದು ಸುದ್ದಿ. ತಮ್ಮನು, “ನಾವು ಕ್ಷೇಮ” ಎಂದು ಹೇಳಿದ ಮೇಲೂ ನನ್ನ ಕೈ ನಡುಗುತ್ತಿದ್ದಿತು. ಯಾವ ಗುಡ್ಡವೆಂದು ಕೇಳಿದೆನು. ಅವನು ಇಂಥ ಹೊಸ ರಸ್ತೆಯ ಹತ್ತಿರ, ಇಂಥ ಮನೆಯ ಹಿಂದೆ ಎಂದನು. ಆ ರಸ್ತೆ ನನಗೆ ಗೊತ್ತಿಲ್ಲ, ಆ ಮನೆ ಗೊತ್ತಿಲ್ಲ. ನಹ್ವಾಕ್ಕೆ ಹೋಗುವ ದಾರಿಯನ್ನು ಹೇಳಬಲ್ಲವನಿಗೆ ತನ್ನ ಹಳ್ಳಿಯ ಗುಡ್ಡವೊಂದನ್ನು ಗುರುತಿಸುವುದು ಸಾಧ್ಯವಾಗಲಿಲ್ಲ. ಮಗಳು ಆಕಾಶದಿಂದ ತೆಗೆದ ನಕಾಶೆಯನ್ನು ಕೈಯಂತ್ರದಲ್ಲಿ ತೆರೆದುಕೊಟ್ಟಳು. ಬರಿಯ ಹಸುರು, ಹೆಂಚು, ತಗಡು.

ಅಕ್ಟೋಬರಿನಲ್ಲಿ ಊರಿಗೆ ಬಂದೆನು. ತಮ್ಮನು ಗುಡ್ಡವನ್ನು ತೋರಿಸಿದನು. ಕೆಂಪು ಮಣ್ಣಿನ ಉದ್ದನೆಯ ಗಾಯ. ಅಂಚಿನಲ್ಲಿ ಆಗಲೇ ಹುಲ್ಲು ಚಿಗುರಿದ್ದಿತು. ಕಾಕಾ ಹೊಗಳಿದ್ದ ಆ ಕುಡಿಯುವ ಶಕ್ತಿಯೇ ಇಲ್ಲಿ ಕೊಂದಿದ್ದಿತು: ಕುಡಿದು ಕುಡಿದು ಭಾರವಾದ ಮಣ್ಣು ಕೆಳಗಿನ ಹಿಡಿತವನ್ನು ಬಿಟ್ಟಿದ್ದಿತು. ನಮ್ಮ ಮನೆಯ ಹಿಂದೆಯೂ ಒಂದು ಇಳಿಜಾರುಂಟು. ಮೂರು ವರ್ಷಗಳ ಹಿಂದೆ ಬಚ್ಚಲುಮನೆಗಾಗಿ ಅದರ ಬುಡವನ್ನು ನಾವೇ ಕಡಿದಿದ್ದೆವು. ಪಟ್ಟಣದಲ್ಲಿ ಬಾಡಿಗೆಯ ಮನೆ ಮಾಡೋಣವೆಂದರೆ ತಾಯಿಯವರು ಒಪ್ಪಲಿಲ್ಲ. ಕೊನೆಗೆ, ಮೇಲಿನಿಂದ ಬರುವ ನೀರನ್ನು ತಡೆದು ಬೇರೆ ಕಡೆಗೆ ಒಯ್ಯುವಂತೆ ನೆತ್ತಿಯಲ್ಲಿ ಒಂದು ಅಗಳನ್ನು ತೋಡುವುದೆಂದೂ, ಕಡಿದ ಬುಡಕ್ಕೆ ಚಿರೇಕಲ್ಲಿನ ಗೋಡೆ ಕಟ್ಟುವುದೆಂದೂ ನಿಶ್ಚಯಿಸಿದೆವು.

ನಾನು ಹಗ್ಗ ಗೂಟಗಳನ್ನು ಹಿಡಿದುಕೊಂಡು ಮೇಲಕ್ಕೆ ಹತ್ತಿ, ಇಳಿಜಾರನ್ನು ಕಣ್ಣಳತೆಯಿಂದ ನೋಡಿ, ತೆಂಕಣ ಹಳ್ಳದ ಕಡೆಗೆ ಗೂಟಗಳನ್ನು ನೆಡುತ್ತ ಹೋದೆನು. ತಾಯಿಯವರು ಕೆಳಗೆ ಜಗಲಿಯ ಮೇಲೆ ಕುಳಿತು ನೋಡುತ್ತಿದ್ದರು. ಐದನೆಯ ಗೂಟಕ್ಕೆ ಅವರು ಕೋಲನ್ನೆತ್ತಿ ಕೂಗಿದರು:

“ಮಗಾ, ಆ ಕಡೆ ನೀರು ಹೋಗುವುದಿಲ್ಲ. ಹಲಸಿನ ಮರದ ಬುಡದಲ್ಲಿ ನೆಲ ಏರಿದೆ. ಬಡಗಕ್ಕೆ ಬಿಡು.”

ಹಲಸಿನ ಮರವು ಕಾಣಿಸಲಿಲ್ಲ. ಅದನ್ನು ಕಡಿದು ಹನ್ನೆರಡು ವರ್ಷವಾಯಿತೆಂದು ತಮ್ಮನು ಹೇಳಿದನು. ಅವನು ಕಾಲಿನಿಂದ ತರಗೆಲೆಗಳನ್ನು ಸರಿಸಿದಾಗ ಬೊಡ್ಡೆ ಕಂಡಿತು, ನೆಲ ಏರಿದ್ದುದೂ ಕಂಡಿತು. ನಾನು ಗೂಟಗಳನ್ನು ಕಿತ್ತುಕೊಂಡು ಬಡಗಣ ಪಾರ್ಶ್ವಕ್ಕೆ ಬಂದೆನು.